ಕಾಬಾಳೆ ಹೂವಿನ ಮೈಲಿಗೆ

ಬಚ್ಚಲ ತೂತು ದಾಟಿದ ನೀರಿಗೂ ನಮಗೂ ಸಂಬಂಧ ಕಡಿಯಿತು ಎಂಬುದು ಮನುಷ್ಯಜಾತಿಯ ಗಟ್ಟಿ ನಂಬಿಕೆ. ಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನ್ನದೂ ಅದೇ ಆಗಿತ್ತು. ರಾಜಾನುಕುಂಟೆ ದಾಟಿ ಒಳಕ್ಕೆ ಹೋದರೆ ಸಿಗುವ ನಮ್ಮೂರಿನಲ್ಲಿ ಎಲ್ಲರ ಬಚ್ಚಲು, ಅಡುಗೆಮನೆ ನೀರು ಮೋರಿ ಹಿಡಿದು ಕುಂಟೆ ಸೇರಿ, ಅಲ್ಲಿಂದ ಸೊಳ್ಳೆಯ ರೂಪದಲ್ಲಿ ಮನೆಗೇ ವಾಪಸಾಗುತ್ತಿತ್ತು. ಕೊನೆಗೆ ಪಂಚಾಯ್ತಿಯವರು ಮೋರಿ ಮುಗಿಯುವಲ್ಲಿ ಕೆಸರು ತಂಗಲು ಒಂದು ತೊಟ್ಟಿ, ಅದರಾಚೆ ಜಲ್ಲಿ ತುಂಬಿದ ಉದ್ದನೆಯ ಗುಂಡಿ ಮಾಡಿಸಿ, ಜಲ್ಲಿಯಲ್ಲಿ ಬಾಳೆಯಂಥ ಎಲೆಯ ಕಾಬಾಳೆ ಗಿಡ ನೆಡಿಸಿದರು. ಬೇರುಗಳ ನಡುವೆ ಹಾದು ನೀರು ತಿಳಿಯಾಗಿ ಹೊರಬರಬೇಕು. ಟೀಚರಮ್ಮ ಎಂಬ ಒಂದೇ ಅರ್ಹತೆಯ ಮೇಲೆ ಉಸ್ತುವಾರಿ ಸಮಿತಿಗೆ ನನ್ನನ್ನೂ ಸೇರಿಸಿದರು.

ಎಲ್ಲರಿಗಿಂತ ಹೆಚ್ಚು ವಿರೋಧಿಸಿದವರು ದೇವಸ್ಥಾನದ ಯಜಮಾನಿಕೆ ನೋಡುವ ನಂಜಪ್ಪನವರು. "ಊರ ಗಲೀಜಿಗೆ ತೋಟ ಬೇರೆ ಕೇಡು! ನಾನಂತೂ ಆ ಕಡೆ ತಲೆನೂ ಆಕಲ್ಲ" ಎಂದು ಮೂಗಿಗೆ ಟವೆಲ್ ಒತ್ತಿಕೊಂಡರು. ಸೈಟು ಮಾರಿ ಕಟ್ಟಿಸಿದ ಅವರ ಮನೆಯಲ್ಲಿ ಮೂರು ಬಚ್ಚಲಿದ್ದವು. ಗಲೀಜು ಮಾತ್ರ ಊರಿನದು.

ಮಳೆ ಬಿದ್ದದ್ದೇ ಗಿಡಗಳು ಕೆಂಪು, ಹಳದಿ ಹೂ ಬಿಟ್ಟು ನಿಂತವು. ವರಮಹಾಲಕ್ಷ್ಮಿ ಹಬ್ಬದ ದಿನ ನೋಡಿದರೆ ಒಂದು ಹೂವೂ ಇಲ್ಲ. ಮೇಕೆಗಳನ್ನು ಬೈದುಕೊಂಡು ಅತ್ತೆಯ ಜೊತೆ ದೇವಸ್ಥಾನಕ್ಕೆ ಹೋದೆ. ಅಮ್ಮನವರು ಭುಜದಿಂದ ಪಾದದವರೆಗೆ ಕಾಬಾಳೆ ಹೂವಿನಲ್ಲಿ ಮುಳುಗಿದ್ದರು!

"ಎಂಗೈತೆ ಟೀಚರಮ್ಮ ಅಲಂಕಾರ? ನಮ್ಮ ಸೊಸೆ ಒತ್ತಾರೆನೇ ಎಲ್ಲಿಂದ್ಲೋ ಕುಯ್ಕೊಂಬಂದ್ಲು" ಎಂದರು ನಂಜಪ್ಪನವರು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. "ನಮ್ಮ ಮೋರಿ ತೋಟದ್ದು ಅಲ್ವಾ ಯಜಮಾನ್ರೇ?" ಎಂದುಬಿಟ್ಟೆ.

ಗಂಟೆಯ ಸದ್ದು ನಿಂತಿತು. ಮುಂದಿದ್ದ ಹೆಂಗಸೊಬ್ಬಳು ಪ್ರಸಾದದ ಹೂವನ್ನು ಮುಡಿಯಿಂದ ಮೆಲ್ಲಗೆ ಕಿತ್ತು ಪಕ್ಕದವಳ ಮುಡಿಗೆ ಸಿಕ್ಕಿಸಿದಳು.

ಸಂಜೆ ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. "ಅಮ್ಮನೋರ್ಗೆ ಮೈಲಿಗೆ ಆಗೋಯ್ತು. ನಾಳೆ ಜೆಸಿಬಿ ಕಳಿಸ್ತೀನಿ, ಎಲ್ಲಾ ಬಗೆದಾಕಿ" ಎಂದರು ನಂಜಪ್ಪನವರು. ನಾನು ಎದ್ದು ನಿಂತು ಬೇರು, ಜಲ್ಲಿ, ಸೂಕ್ಷ್ಮಜೀವಿ ಎಂದೆಲ್ಲ ವಿವರಿಸಿದೆ. ನನ್ನ ತರಗತಿಯಂತೆಯೇ ಎಲ್ಲರೂ ಆಕಳಿಸಿದರು. ಆಗ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಅಲ್ಲ ಕಣ್ ನಂಜಪ್ಪ, ಆ ಮೋರಿಗೆ ಬರೋದು ಯಾರ್ ನೀರು? ನೀನು ಮಡಿಸ್ನಾನ ಮಾಡಿದ್ದೂ ಅದ್ರಾಗೇ ಐತೆ. ಮೈಲಿಗೆ ಅಂದ್ರೆ ಅದು ನಿನ್ ಮೈಯಿಂದ್ಲೇ ಬಂದಿದ್ದು ಕಣಪ್ಪ."

ಜನ ನಕ್ಕ ರಭಸಕ್ಕೆ ಜೆಸಿಬಿ ರದ್ದಾಯಿತು. ಆದರೆ ನಂಜಪ್ಪನವರು ಸೋತು ಮನೆಗೆ ಹೋಗುವ ಆಸಾಮಿಯಲ್ಲ. "ಆಗ್ಲಿ, ಆ ನೀರಿಗೆ ಬಾಳೆ ಆಕಿ. ಮೊದಲ್ನೇ ಗೊನೆ ಟೀಚರಮ್ಮನೇ ತಿಂದು ತೋರಿಸ್ಲಿ" ಎಂದರು. "ಓಹೋ, ಧಾರಾಳವಾಗಿ!" ಎಂದೆ. ಚಪ್ಪಾಳೆ ಬಿತ್ತು.

ಬಾಳೆ ಇಷ್ಟು ಬೇಗ ಗೊನೆ ಹಾಕುತ್ತದೆಂದು ನನಗೆ ಗೊತ್ತಿರಲಿಲ್ಲ. ಮರುವರ್ಷ ನಂಜಪ್ಪನವರೇ ಗೊನೆ ಹೊರಿಸಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತರು. ಅತ್ತೆ ಅದರದೇ ಕಾಯಿ ಹೆಚ್ಚಿ ಬಜ್ಜಿ ಕರಿದರು. ನಂಜಪ್ಪನವರು ಒಂದನ್ನು ಅನುಮಾನದಿಂದ ಕಚ್ಚಿದರು, ಆಮೇಲೆ ತಟ್ಟೆಯನ್ನೇ ಹತ್ತಿರ ಎಳೆದುಕೊಂಡರು. "ಭಾರಿ ರುಚಿ ಐತೆ! ತಗೊಳಿ ಟೀಚರಮ್ಮ" ಎಂದು ನನ್ನ ಕೈಗೂ ಒಂದು ಕೊಟ್ಟರು.

ನೀರು ತಿಳಿಯಾಗುವ ಬಗೆ ನನಗೆ ಗೊತ್ತು. ಅದರ ಚಿತ್ರ ಬರೆಸಿ ಅಂಕ ಕೊಟ್ಟವಳು ನಾನು. ಕೈ ಮಾತ್ರ ಬಾಯಿಯವರೆಗೆ ಏಳಲೊಲ್ಲದು.

"ಇವತ್ತು ನಂದು ಉಪವಾಸ, ಯಜಮಾನ್ರೇ" ಎಂದೆ.

ಒಳಗಿನಿಂದ ಅತ್ತೆಯ ದನಿ ಕೇಳಿಸಿತು: "ಯಾವ ಉಪವಾಸ ಅಮ್ಮ? ಈಗಿನ್ನೂ ಎರಡು ಮುದ್ದೆ ಉಂಡೆಯಲ್ಲ!"