ಕಣ್ಣು ಜಾರಿದವನೇ ಕಳ್ಳ

ಕೊಕ್ಕರೆಹುಂಡಿಯ ಹಾಲಿನ ಡೈರಿ ಅಧ್ಯಕ್ಷ ಮರಿಮಲ್ಲಪ್ಪನವರ ಮೇಲೆ ಯಾರೋ ಹೆಸರಿಲ್ಲದ ಅರ್ಜಿ ಗೀಚಿ ಮೇಲಧಿಕಾರಿಗಳಿಗೆ ಕಳಿಸಿದ್ದರು. ಅಧ್ಯಕ್ಷರ ಮನೆಯ ಹಾಲು ಟೆಸ್ಟೇ ಆಗದೆ ಕ್ಯಾನಿಗೆ ಬೀಳುತ್ತದೆ ಎಂಬುದು ಅದರ ಸಾರ. ಬರೆದವನು ಡೈರಿಯ ಟೆಸ್ಟರ್ ಶಿವಮಲ್ಲು. ಅದು ಅವನೊಬ್ಬನಿಗೇ ಗೊತ್ತು. ಅರ್ಜಿಯ ನಕಲು ಅಧ್ಯಕ್ಷರ ಜೇಬಿನಲ್ಲಿ, ಗುಮಾನಿ ಊರವರೆಲ್ಲರ ಮೇಲೆ.

ಅಂಥ ಹೊತ್ತಿನಲ್ಲಿ ಚಾಮರಾಜನಗರದಿಂದ ರೂಪಶ್ರೀ ಎಂಬ ಸಂಶೋಧಕಿ, ಲ್ಯಾಪ್‌ಟಾಪಿನ ಕೊರಳಿಗೊಂದು ಕ್ಯಾಮೆರಾ ಕಟ್ಟಿಕೊಂಡು ಡೈರಿಗೆ ಬಂದಳು.

"ನೀವು ಓದುವಾಗ ಕಣ್ಣು ಎಲ್ಲಿ ನಿಲ್ಲುತ್ತೆ ಅಂತ ಇದು ಗುರುತು ಹಾಕ್ಕೊಳ್ಳುತ್ತೆ. ಕಂಪ್ಯೂಟರಿಗೆ ಕನ್ನಡ ಕಲಿಸೋಕೆ. ಹೊಸ ವಿಷಯ ಸಿಕ್ಕರೆ ಕಣ್ಣು ನಿಲ್ಲುತ್ತೆ, ಗೊತ್ತಿರೋದಾದ್ರೆ ಜಾರುತ್ತೆ."

ಮರಿಮಲ್ಲಪ್ಪನವರ ಮೀಸೆ ನಿಮಿರಿತು. "ಅಂಗಾದ್ರೆ ನಂದೂ ಒಂದ್ ಕಾಗ್ದ ಸೇರ್ಸವ್ವ. ನಮ್ಮೂರ್ ಕನ್ನಡಾನೂ ಕಲೀಲಿ." ಜೇಬಿನಿಂದ ಹೊರಬಂದ ಅರ್ಜಿ ಲ್ಯಾಪ್‌ಟಾಪಿನ ತೆರೆಗೆ ಏರಿತು. ಶಿವಮಲ್ಲುವಿನ ಕಿವಿಯಲ್ಲಿ ಪಿಸುಗುಟ್ಟಿದರು: "ಬರ್ದೋನ್ಗೆ ಇದ್ರಲ್ಲಿರೋದೆಲ್ಲ ಗೊತ್ತಿರ್ತದೆ. ಕಣ್ ಜಾರ್ದೋನೇ ಕಳ್ಳ ಕಣ್ಲಾ. ಡೈರಿಯೋನಾದ್ರೆ ಇವತ್ತೇ ಕೆಲ್ಸದಿಂದ ಕಿತ್ತಾಕ್ತೀನಿ."

ಹಾಲು ಹಾಕಲು ಬಂದ ಬಸವಮ್ಮ ಮೊದಲು ಕೂತಳು. "ಶಿವನೆ, ಅಧ್ಯಕ್ಷ್ರ ಆಲ್ಗೆ ಟೆಸ್ಟೇ ಇಲ್ವಾ? ನನ್ ಆಲ್ಗೆ ಮಾತ್ರ ದಿನಾ ನೀರು ಅಂತೀರಿ." ತೆರೆಯ ತುಂಬ ದಡಾರ ಎದ್ದಂತೆ, ಅವಳ ಕಣ್ಣು ನಿಂತಲ್ಲೆಲ್ಲ ಕೆಂಪು ಚುಕ್ಕಿಗಳು.

"ಇವ್ಳಲ್ಲ," ಎಂದರು ಅಧ್ಯಕ್ಷರು, ಬೆವರು ಒರೆಸಿಕೊಂಡು.

ಮುಂದಿನ ಸರದಿ ಶಿವಮಲ್ಲುವಿನದು. ಪ್ರಾಣ ಹೋದರೂ ಕಣ್ಣು ಜಾರಬಾರದು. ತಾನೇ ಬರೆದ ಒಂದೊಂದು ಪದದೆದುರೂ ಅವನು ಗೋಪಾಲಸ್ವಾಮಿ ಬೆಟ್ಟ ಹತ್ತುವ ಹಳೇ ಬಸ್ಸಿನಂತೆ ಏದುಸಿರು ಬಿಟ್ಟು ನಿಂತ. ಎರಡು ತಿರುವಿನಲ್ಲಿ ಹಿಂದಕ್ಕೂ ಸರಿದ.

ರೂಪಶ್ರೀ ಹುಬ್ಬು ಗಂಟಿಕ್ಕಿದಳು. "ಇವರು ಅಕ್ಷರ ಅಕ್ಷರಕ್ಕೂ ನಿಂತಿದ್ದಾರೆ. ಒಂದನೇ ಕ್ಲಾಸಿನ ಮಕ್ಕಳು ಓದೋದು ಹೀಗೆ."

"ಇವ್ನಂತೂ ಬರ್ದಿಲ್ಲ ಬುಡು," ಎಂದರು ಅಧ್ಯಕ್ಷರು.

ಬಸವಮ್ಮ ಬಿಡಬೇಕಲ್ಲ. "ಅದ್ಸರಿ, ಇಂಗ್ ಓದೋನು ಅತ್ನೇ ಕ್ಲಾಸ್ ಎಂಗ್ ಪಾಸಾದ? ಮಾರ್ಕ್ಸ್‌ಕಾರ್ಡು ಅಸ್ಲೀನಾ?"

ಅಧ್ಯಕ್ಷರ ಕಣ್ಣು ಕಿರಿದಾಯಿತು. "ಖೋಟಾ ಆಗಿದ್ರೆ ಕೆಲ್ಸ ಓಯ್ತು ಕಣ್ಲಾ."

"ಅಸ್ಲೀನೇ ಅಣ್ಣ. ಕನ್ನಡದಲ್ಲಿ ನೂರಿಪ್ಪತ್ತೈದ್ಕೆ ನೂರತ್ತು ಬಂದದೆ."

"ಅಂಗಾ?" ಮರಿಮಲ್ಲಪ್ಪನವರು ಅದೇ ಅರ್ಜಿಯನ್ನು ಮತ್ತೆ ತೆರೆಗೆ ತರಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು. "ಎಲ್ಲಿ, ಒಂದ್ಕಡೀನೂ ನಿಲ್ದಂಗೆ ಓದು. ತಡವರ್ಸುದ್ರೆ ಮನೆಗೋಗು. ಸಲೀಸಾಗಿ ಓದ್ಬುಟ್ರೆ, ಆಗ್ಲೇ ಯಾಕ್ ಅಂಗ್ ಏದುಸ್ರು ಬುಟ್ಟೆ ಅಂತ ಆಮೇಲ್ ಕೇಳ್ತೀನಿ."