ಭಾವನ ಲೈನ್ ಕ್ಲಿಯರ್

ಬೆಳಿಗ್ಗೆ ನಿಮ್ಮ ಎದುರೇ ಕೂತು ನಿಮ್ಮ ಪಾಲಿನ ಚಟ್ನಿಯನ್ನೂ ಮುಗಿಸಿದ ಮನುಷ್ಯ ಹತ್ತು ಗಂಟೆಗೆ ಫೋನಿನಲ್ಲಿ "ತಾವು ಯಾರು?" ಎಂದು ಕೇಳಿದರೆ ಏನು ಮಾಡುತ್ತೀರಿ? ನಾನಂತೂ ಹನ್ನೊಂದು ವರ್ಷಗಳಿಂದ ಹೆಸರು ಹೇಳುತ್ತಾ ಬಂದಿದ್ದೇನೆ. ನನ್ನ ಭಾವನಂಥ ಅಪನಂಬಿಕೆಯ ಪ್ರಾಣಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕು ಜಾಲಾಡಿದರೂ ಇನ್ನೊಂದು ಸಿಗಲಿಕ್ಕಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ, ವಿದ್ಯುತ್ ಕಂಪೆನಿಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ನಾನು ಅದೇ ಕಂಪೆನಿಯ ಲೈನ್‌ಮ್ಯಾನ್. ಕಂಬ ಹತ್ತುವ ಮೊದಲು ನಾನು ಅವರಿಗೆ ಫೋನ್ ಮಾಡಿ 'ಲೈನ್ ಕ್ಲಿಯರ್' ಕೇಳಬೇಕು. ಅವರು ಆ ಲೈನಿನ ಕರೆಂಟು ತೆಗೆದು, ಪುಸ್ತಕದಲ್ಲಿ ನನ್ನ ಹೆಸರು ಬರೆದು, ಒಂದು ನಂಬರು ಕೊಡುತ್ತಾರೆ. ಕೆಲಸ ಮುಗಿಸಿ ಇಳಿದ ಮೇಲೆ, ಕ್ಲಿಯರ್ ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಬೇಕು. ಆಮೇಲೆಯೇ ಕರೆಂಟು. ಉಳಿದವರಿಗೆ ಇದು ಕಂಪೆನಿಯ ನಿಯಮ, ಭಾವನಿಗೆ ವೇದ.

"ಭಾವ, ನಾನು."

"ನಾನು ಅಂದರೆ ಯಾರು? ಹೆಸರು ಹೇಳಿ."

"ನಿಮ್ಮ ಹೆಂಡತಿಯ ತಮ್ಮ ಮಾರಾಯ್ರೆ."

"ಪುಸ್ತಕದಲ್ಲಿ ಹಾಗೆ ಬರೆಯಲಿಕ್ಕೆ ಆಗುವುದಿಲ್ಲ."

ಇದು ಸಬ್‌ಸ್ಟೇಷನ್ನಿನಲ್ಲೇ ಉಳಿದಿದ್ದರೆ ಅಡ್ಡಿಯಿರಲಿಲ್ಲ. ಒಮ್ಮೆ ಅವರ ಮನೆಯಲ್ಲಿ ನೀರುದೋಸೆ ತಿನ್ನುತ್ತಿದ್ದೆ. ಬಾಯಿತುಂಬ ದೋಸೆ. "ಅವನಿಗೆ ಸಾಕು" ಎಂದು ಅಮ್ಮ ನನ್ನ ಪರವಾಗಿ ಹೇಳಿದರು. ಭಾವ ಒಪ್ಪಲಿಲ್ಲ. "ಬೇಕು ಅಂದದ್ದು ಅವ. ಸಾಕು ಅಂತ ಅವನೇ ಹೇಳಬೇಕು." ನಾನು ನುಂಗಿ ಬಾಯಿ ತೆರೆಯುವಷ್ಟರಲ್ಲಿ ತಟ್ಟೆಗೆ ಇನ್ನೂ ನಾಲ್ಕು ಬಿದ್ದಿದ್ದವು.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು "ಸ್ವಲ್ಪ ಹಿಡಿದುಕೊಳ್ಳಿ" ಎಂದು ಕೊಡೆ ಕೊಟ್ಟು ಅಂಗಡಿಗೆ ಹೋದರಂತೆ. ಅಷ್ಟರಲ್ಲಿ ಮಳೆ ಸುರಿಯಿತು. ಅವರ ಹೆಂಡತಿ ಓಡಿ ಬಂದು ಕೊಡೆ ಕೇಳಿದರು. "ಕೊಟ್ಟವರು ಅವರು. ಅವರೇ ಬಂದು ತಕ್ಕೊಳ್ಳಲಿ" ಎಂದರು ಭಾವ. ಪಾಪ, ಆಕೆ ತನ್ನದೇ ಮನೆಯ ಕೊಡೆಯ ಪಕ್ಕದಲ್ಲಿ ನಿಂತು ತೊಪ್ಪೆಯಾದರು!

ಹೀಗೆ ನಗುತ್ತಾ ಇದ್ದೆವು. ಈ ಸಲದ ಮಳೆ ಶುರುವಾದ ವಾರ ಅವರ ಮಗಳನ್ನು ನೋಡಲು ಕಲ್ಲಡ್ಕದಿಂದ ಹುಡುಗನ ಕಡೆಯವರು ಬರುವುದೆಂದಾಯಿತು. ಒಳ್ಳೆಯ ಸಂಬಂಧ. ಅಕ್ಕ ಆರು ತಿಂಗಳು ಓಡಾಡಿ ಕುದುರಿಸಿದ್ದು. ಅವರು ಮೂರು ಗಂಟೆಗೆ ಬರುತ್ತಾರೆ, ಭಾವನ ಪಾಳಿ ಎರಡಕ್ಕೆ ಮುಗಿಯುತ್ತದೆ. ಎಲ್ಲ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಧ್ಯಾಹ್ನದ ಗಾಳಿಗೆ ಮುಂಡಾಜೆಯಲ್ಲಿ ಮರವೊಂದು ಲೈನಿನ ಮೇಲೆ ಮಲಗಿತು. ನಾನು ಕ್ಲಿಯರ್ ತೆಗೆದುಕೊಂಡು ಜೊತೆಗಾರನೊಂದಿಗೆ ಕೆಲಸಕ್ಕೆ ಇಳಿದೆ. ಅಕ್ಕನ ಮನೆಗೂ ಅದೇ ಲೈನು. ವಡೆಗೆ ಹಾಕಿದ ಉದ್ದು ಗ್ರೈಂಡರಿನಲ್ಲಿ ಅರ್ಧ ಅರೆದು ನಿಂತಿತು.

ಎರಡೂವರೆಗೆ ಜೊತೆಗಾರ ರೇಂಜ್ ಸಿಗುವ ರಸ್ತೆಗೆ ಹೋಗಿ ಫೋನ್ ಮಾಡಿದ.

"ಕೆಲಸ ಮುಗಿಯಿತು, ಲೈನ್ ಚಾರ್ಜ್ ಮಾಡಿ, ಕರೆಂಟು ಬಿಡಿ."

"ಕ್ಲಿಯರ್ ತಕ್ಕೊಂಡವರು ಮಾತಾಡಲಿ."

"ಅವ ಹಿಂದಿನಿಂದ ಬರ್ತಾ ಇದ್ದಾನೆ. ನಾನು ಹೇಳಿದರೆ ಸಾಲದಾ?"

"ಸಾಲದು."

ಎರಡಕ್ಕೇ ಬಂದಿದ್ದ ಮುಂದಿನ ಪಾಳಿಯವರು, "ನೀವು ಹೊರಡಿ, ನಾನು ನೋಡಿಕೊಳ್ತೇನೆ" ಎಂದರೂ ಭಾವ ಕುರ್ಚಿ ಬಿಡಲಿಲ್ಲ. ಕ್ಲಿಯರ್ ಕೊಟ್ಟವನೇ ವಾಪಸು ತೆಗೆದುಕೊಳ್ಳಬೇಕಂತೆ! ಮೂರಕ್ಕೆ ಅಕ್ಕನ ಫೋನು. "ಅವರು ಬಂದು ಕೂತಿದ್ದಾರೆ. ಕರೆಂಟೂ ಇಲ್ಲ, ನೀವೂ ಇಲ್ಲ. ಎರಡರಲ್ಲಿ ಒಂದನ್ನಾದರೂ ಕಳಿಸಿ."

"ನಿನ್ನ ತಮ್ಮ ಇನ್ನೂ ಮಾತಾಡಲಿಲ್ಲ" ಎಂದು ಭಾವ ಫೋನಿಟ್ಟರು.

ನಾನೆಲ್ಲಿದ್ದೆ? ಇಳಿದು ಹೊರಟಾಗ ಪಕ್ಕದ ಕಂಬದಲ್ಲಿ ತಂತಿ ಹಿಡಿದಿಡುವ ಪಿಂಗಾಣಿ ಬಿರುಕು ಬಿಟ್ಟಿರುವುದು ಕಂಡಿತ್ತು. ಮುಂದೆ ಹೋಗಿದ್ದ ಜೊತೆಗಾರನಿಗೆ ಹೇಳದೆ ಆ ಕಂಬ ಹತ್ತಿದ್ದೆ. ತಪ್ಪು ಪೂರಾ ನನ್ನದೇ. ಅವನು "ಚಾರ್ಜ್ ಮಾಡಿ" ಎನ್ನುವ ಹೊತ್ತಿಗೆ ನನ್ನ ಎರಡೂ ಕೈ ತಂತಿಯ ಮೇಲಿದ್ದವು.

ನಾನು ರಸ್ತೆಗೆ ಬಂದು ಫೋನ್ ಮಾಡಿದಾಗ ಗಂಟೆ ಮೂರೂಮುಕ್ಕಾಲು. ಭಾವ ಮನೆ ಮುಟ್ಟುವಾಗ ಬಂದವರು ಎದ್ದು ಹೋಗಿದ್ದರು. ಮಗಳ ಮದುವೆಯಲ್ಲಿ ಅಪ್ಪನಿಗೇ ಆಸಕ್ತಿ ಇಲ್ಲ, ನಮಗೆ ಬೇಡ ಎಂದು ಮರುದಿನ ಹೇಳಿ ಕಳಿಸಿದರು. ಅಕ್ಕ ಭಾವನೊಂದಿಗೆ ಮಾತು ಬಿಟ್ಟಳು.

ಜೊತೆಗಾರ ಫೋನ್ ಮಾಡಿದ ಹೊತ್ತು ಯಾವುದೆಂದು ಅವನ ಬಾಯಿಂದಲೇ ತಿಳಿದದ್ದೇ ನೇರ ಅಕ್ಕನ ಮನೆಗೆ ಹೋದೆ. ಭಾವ ಅಂಗಳದಲ್ಲಿ ಒಬ್ಬರೇ ಕೂತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖದ ಬಣ್ಣ ಹೋಯಿತು. ನನ್ನ ಕೈಗಳೆರಡನ್ನೂ ಹಿಡಿದು, ಮಗುಚಿ ಮಗುಚಿ ನೋಡಿದರು. ಹನ್ನೊಂದು ವರ್ಷ ಇವರನ್ನು ನೋಡಿ ನಕ್ಕೆನಲ್ಲ ಎಂದು ನನಗೆ ಅಳು ಬಂತು.

"ನನ್ನಿಂದಾಗಿ ಒಳ್ಳೆಯ ಸಂಬಂಧ ಹೋಯಿತಲ್ಲ ಭಾವ" ಎಂದೆ.

"ಸಂಬಂಧ ಇನ್ನೊಂದು ಬರ್ತದೆ" ಎಂದರು ಭಾವ. "ನಿನ್ನ ಅಕ್ಕನಿಗೆ ತಮ್ಮ ಇರುವುದು ಒಬ್ಬನೇ."