ತಿಪಟೂರಿನಲ್ಲಿ ಪುಸ್ತಕ ಕೈಬಿಡುವ ಕಷ್ಟ

ಓದಿ ಮುಗಿಸಿದ ಪುಸ್ತಕವನ್ನು ಇನ್ನೊಬ್ಬರ ಕೈಗೆ ದಾಟಿಸಿ, ಅಬ್ಬಾ ಹಗುರವಾಯಿತು ಅಂದುಕೊಳ್ಳುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಬೇರೆ ಊರುಗಳಲ್ಲೂ ಆಗಿದೆ. ಆದರೆ ತಿಪಟೂರಿನಲ್ಲಿ ಆದಷ್ಟು ಎಲ್ಲೂ ಆಗಿಲ್ಲ.

ಪ್ರವಾಸಿಗಳ ಗುಂಪುಗಳನ್ನು ಹೊರದೇಶಗಳಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅವರ ಪಾಸ್‌ಪೋರ್ಟು, ಅವರ ಉಪ್ಪಿನಕಾಯಿ, ಅವರ ಮುನಿಸು ಎಲ್ಲವನ್ನೂ ನಾನೇ ಹೊರಬೇಕು. ಹಾಗಾಗಿ ನನ್ನ ಸ್ವಂತದ್ದು ಅಂತ ಒಂದೇ ಬ್ಯಾಗು. ಓದುವ ಚಟ ಬಿಡಲಾರೆ, ಪುಸ್ತಕ ಹೊರಲಾರೆ. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಪುಸ್ತಕ ಮುಗಿದ ದಿನ ಡೈರಿಯಲ್ಲಿ ನಾಲ್ಕು ಸಾಲು ಬರೆಯಬೇಕು: ಎಲ್ಲಿ ಕೂತು ಓದಿದೆ, ಹೇಗಿತ್ತು, ಯಾರಿಗೆ ಕೊಟ್ಟೆ. ಬರೆದಾದ ಮೇಲೆ ಆ ಪುಸ್ತಕ ಮನೆಯಲ್ಲಿರಬಾರದು.

ಹೋದ ವರ್ಷ ಯಾವುದೋ ದೇಶದ ಕಲ್ಲುಹಾಸಿನ ಬೀದಿಯಲ್ಲಿ ಜಾರಿ ಪಾದದ ಮೂಳೆ ಮುರಿದುಕೊಂಡೆ. ಹುಟ್ಟೂರು ಕಂದಿಕೆರೆ, ಡಾಕ್ಟರು ಇರುವುದು ತಿಪಟೂರಿನಲ್ಲಿ. ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಮನೆ ಹಿಡಿದೆ. ಕೂತರೆ ಏಳಬೇಕು, ಎದ್ದರೆ ಹೊರಡಬೇಕು ಅನ್ನಿಸುವ ಜಾಯಮಾನ ನನ್ನದು. ಕಾಲಿಗೆ ಪಟ್ಟಿ ಹಾಕಿಕೊಂಡು, ಬಂದುಹೋಗುವ ರೈಲುಗಳ ಕೂಗು ಕೇಳುತ್ತಾ, ಸಿಟ್ಟಿನಲ್ಲೇ ಓದಿದೆ. ಪುಸ್ತಕಗಳು ಮಂಚದ ಎತ್ತರಕ್ಕೆ ಬೆಳೆದವು. ಅತ್ತ ಕಂಪನಿಯವರು ಹೇಳಿಬಿಟ್ಟಿದ್ದರು: ಸೀಸನ್ನಿನ ಮೊದಲ ಗುಂಪಿಗೆ ನೀವು ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಅಂದರೆ ಕಾಲು ಸರಿಹೋಗುವುದರೊಳಗೆ ಅಷ್ಟೂ ಪುಸ್ತಕ ಖಾಲಿಯಾಗಬೇಕು.

ಬಸ್ಸಿನ ಸೀಟು

ಹೊರದೇಶಗಳಲ್ಲಿ ಪಾರ್ಕಿನ ಬೆಂಚಿನ ಮೇಲೆ ಪುಸ್ತಕ ಇಟ್ಟು ಎದ್ದು ಹೋದರೆ ಮುಗಿಯಿತು. ಅದೇ ಧೈರ್ಯದಲ್ಲಿ, ಕುಂಟುತ್ತಾ ಓಡಾಡುವಂತಾದ ಮೊದಲ ವಾರವೇ ತುರುವೇಕೆರೆ ಬಸ್ಸು ಹತ್ತಿ, ಇಳಿಯುವಾಗ ಸೀಟಿನ ಮೇಲೆ ಒಂದು ಕಾದಂಬರಿ ಬಿಟ್ಟೆ. ಹೊರಟ ಬಸ್ಸು ಸೀಟಿ ಊದಿಸಿಕೊಂಡು ನಿಂತಿತು. ಕಂಡಕ್ಟರು ಓಡಿ ಬಂದ.

"ಅಮ್ಮಾ, ಬುಕ್ಕು ಬುಟ್ಬುಟ್ಟು ಹೋಗ್ತಿದೀರಲ್ಲ!"

"ಬೇಕು ಅಂತಲೇ ಬಿಟ್ಟೆ ಕಣಪ್ಪ. ಯಾರಾದರೂ ಓದಿಕೊಳ್ಳಲಿ."

ಅವನು ನನ್ನ ಕಾಲಿನ ಪಟ್ಟಿ ನೋಡಿದ, ಮುಖ ನೋಡಿದ. ದನಿ ತಗ್ಗಿಸಿ ಕೇಳಿದ: "ಮನೇಲಿ ಏನಾದ್ರೂ ಜಗಳ ಆಯ್ತಾ ತಾಯಿ?"

ವಾಪಸು ಬರುವಾಗ ಬುದ್ಧಿವಂತಿಕೆ ಮಾಡಿ ಸೀಟಿನ ಕೆಳಗೆ ತಳ್ಳಿದೆ. ಅದೇ ವಾರ ಗುರುತಿಲ್ಲದ ಕಂಡಕ್ಟರೊಬ್ಬ ಬಾಗಿಲು ಬಡಿದ. ಕೈಯಲ್ಲಿ ನನ್ನ ಕಾದಂಬರಿ. ಒಬ್ಬ ಕಂಡಕ್ಟರು ಇನ್ನೊಬ್ಬನಿಗೆ ಕೊಟ್ಟು, ಅವನು ಮತ್ತೊಬ್ಬನಿಗೆ ಕೊಟ್ಟು, ಅದು ತುರುವೇಕೆರೆ ನೋಡಿ, ಚಿಕ್ಕನಾಯಕನಹಳ್ಳಿ ನೋಡಿ, ಹಾಲ್ಕುರಿಕೆಯಲ್ಲಿ ಒಂದು ರಾತ್ರಿ ಉಳಿದು ಬಂದಿತ್ತು.

"ಮನೆ ಹೆಂಗೆ ಗೊತ್ತಾಯ್ತು?" ಅಂದೆ.

"ಕಾಲಿಗೆ ಪಟ್ಟಿ ಕಟ್ಕೊಂಡು ಸಾಮಾನು ಬುಟ್ಟೋಗೋ ಅಮ್ಮ ಅಂದೆ. ಬಸ್‌ಸ್ಟ್ಯಾಂಡಲ್ಲಿ ಎಲ್ಲಾರೂ ಇದೇ ಬೀದಿ ತೋರಿಸಿದ್ರು."

ನಾನು ಮನೆಯ ಹೊಸಿಲು ದಾಟಲು ಒದ್ದಾಡುತ್ತಿದ್ದಾಗ ನನ್ನ ಪುಸ್ತಕ ಮೂರು ತಾಲ್ಲೂಕು ತಿರುಗಿ ಬಂದಿದೆ. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಖಾಲಿ ಕೈ

ಎದುರುಮನೆಯಾಕೆಗೆ ತೆಂಗಿನ ತೋಟವಿದೆ, ಓದುವ ಆಸೆಯೂ ಇದೆ. ಒಂದು ಕಥೆಪುಸ್ತಕ ಕೊಟ್ಟೆ. ಓದಿ ವಾಪಸು ತಂದಳು, ಜೊತೆಗೆ ಚೀಲದಲ್ಲಿ ನಾಲ್ಕು ತೆಂಗಿನಕಾಯಿ.

"ಇದ್ಯಾಕೆ?"

"ಕೊಟ್ಟಿದ್ದನ್ನ ಬರೀಕೈಲಿ ವಾಪಸ್ ಕೊಡ್ತಾರಾ ಅಕ್ಕ? ಪಾತ್ರೆ ಆದ್ರೂ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡ್ತೀವಿ."

ಆಕೆಯ ಚೀಲವನ್ನು ನಾನು ಖಾಲಿ ಕಳಿಸಲಾದೀತೇ? ಎರಡು ಪುಸ್ತಕ ಹಾಕಿ ಕೊಟ್ಟೆ. ಅವು ಎಂಟು ಕಾಯಿ, ಒಂದು ಚಿಪ್ಪು ಬಾಳೆಹಣ್ಣಿನ ಸಮೇತ ಬಂದವು. ವಾಪಸು ಬೇಡವೆಂದರೆ, "ಇಟ್ಕೊಳ್ಳಕ್ಕೆ ನಾವೇನು ಅಂಥೋರಾ?" ಅಂತ ಮುಖ ಸಪ್ಪಗೆ ಮಾಡಿಕೊಂಡಳು. ತಿಂಗಳು ತಿರುಗುವುದರೊಳಗೆ ಪುಸ್ತಕ ಒಂದೂ ಕಡಿಮೆಯಾಗಿರಲಿಲ್ಲ, ನಡುಮನೆಯಲ್ಲಿ ಕಾಯಿ ರಾಶಿಗೆ ಕಾಲಿಡಲು ಜಾಗವಿರಲಿಲ್ಲ.

ಆ ಹೊತ್ತಿಗೇ ಕಂಪನಿಯಿಂದ ಫೋನು. "ಮೇಡಂ, ನಿಮ್ಮ ಲಗೇಜು ಎಷ್ಟಿರುತ್ತೆ?"

ನಾನು ಕೇಳಿದೆ: "ಸುಲಿದ ಮೇಲೋ, ಸುಲಿಯೋಕೆ ಮುಂಚೆಯೋ?"

ಅಟ್ಟ

ಮನೆ ಓನರಮ್ಮನಿಗೆ ಕೊಟ್ಟ ಪುಸ್ತಕ ಮಾತ್ರ ವಾಪಸು ಬರಲಿಲ್ಲ. ಒಂದನ್ನಾದರೂ ಸಾಗಹಾಕಿದೆ ಅಂದುಕೊಂಡೆ. ಆದರೂ ತಡೆಯಲಾಗದೆ ಕೇಳಿದೆ: "ಓದಿದ್ರಾ ಅಮ್ಮಾ?"

"ಅಟ್ಟದ ಮೇಲಿಟ್ಟಿದ್ದೀನಿ ಕಣಮ್ಮ."

ಅವರ ಅಟ್ಟದ ತುಂಬ ತೆಂಗಿನಕಾಯಿ. ಹೆಚ್ಚೂಕಮ್ಮಿ ಒಂದು ವರ್ಷ ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗಬೇಕು. ನಮ್ಮ ಕಡೆ ಯಾರೂ ಅದಕ್ಕೆ ಅವಸರ ಮಾಡುವುದಿಲ್ಲ. ಆದರೆ ಪುಸ್ತಕ?

"ಅದು ಒಣಗಿಯೇ ಬಂದಿರುತ್ತಲ್ಲಮ್ಮಾ!"

"ನೀನು ಓದಿ ಎರಡು ದಿನ ಆಗಿಲ್ಲ, ಆಗ್ಲೇ ಕೊಟ್ಬುಟ್ಟೆ. ಹಸಿ ಕಣಮ್ಮ ಅದು. ಮೊನ್ನೆ ಏನು ಕಥೆ ಅಂದ್ರೆ ನಿಂಗೇ ನೆಟ್ಟಗೆ ಹೇಳಕ್ಕಾಗ್ಲಿಲ್ಲ."

ಅದು ನಿಜ. ಮಾತು ತಿರುಗಿಸಿದೆ. "ಯಾವಾಗ ಇಳಿಸ್ತೀರಿ?"

"ಕಾಯಿ ಇಳಿಸುವಾಗ ಅದನ್ನೂ ಇಳಿಸ್ತೀನಿ. ಏನವಸರ?" ಓನರಮ್ಮ ಎಲೆಗೆ ಸುಣ್ಣ ಸವರಿದರು. "ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸಿ ನೋಡ್ತೀನಿ. ಒಳಗೆ ಗಡಗಡ ಅಂದ್ರೆ ಓದ್ತೀನಿ."

ಸ್ಯಾಂಪಲ್

ಎದುರುಮನೆಯಾಕೆಯ ಭಾವನವರದು ಕೊಬ್ಬರಿ ಮಂಡಿ. ಅವರಿಗೆ ಓದುವ ಹುಚ್ಚು ಅಂತ ಕೇಳಿ ಒಂದು ರಟ್ಟಿನ ಡಬ್ಬದ ತುಂಬ ಪುಸ್ತಕ ಆಟೋದಲ್ಲಿ ಹಾಕಿಕೊಂಡು ಹೋದೆ. ಆರಿಸಿಕೊಳ್ಳಲು ಸುಲಭವಾಗಲೆಂದು ನನ್ನ ಡೈರಿಯನ್ನೂ ಕೊಟ್ಟೆ. ಯಜಮಾನರು ಕನ್ನಡಕ ಹಾಕಿಕೊಂಡು ಡೈರಿ ಹಿಡಿದು ಕೂತರು. ನಕ್ಕರು. ಲೊಚಗುಟ್ಟಿದರು. ನನಗೊಂದು ಕಾಫಿ ತರಿಸಿ ಮತ್ತೆ ಓದಿದರು. ಊಟದ ಹೊತ್ತಿಗೆ ಡೈರಿ ಮುಚ್ಚಿ, "ಬಲು ಚೆನ್ನಾಗೈತೆ ಕಣಮ್ಮ" ಅಂದರು.

"ಯಾವ್ದು ತಗೋತೀರಿ?"

"ಯಾವ್ದೂ ಬೇಡ. ಸ್ಯಾಂಪಲ್ ನೋಡಾಯ್ತಲ್ಲ, ಇನ್ನು ಮೂಟೆ ಯಾಕೆ ಬಿಚ್ಚಿಸ್ಲಿ?"

ಡಬ್ಬ ಹೋದ ಹಾಗೇ ಬಂತು. ಕೆಲವು ದಿನ ಕಳೆದು ಅದೇ ದಾರಿಯಲ್ಲಿ ಹೋಗುತ್ತಿದ್ದಾಗ ಯಜಮಾನರು ನಾಲ್ಕು ಜನ ರೈತರನ್ನು ಕೂರಿಸಿಕೊಂಡು ಒಂದು ದಪ್ಪ ಕಾದಂಬರಿಯ ಬಗ್ಗೆ ಮಾತಾಡುತ್ತಿದ್ದರು. "ಮೊದ್ಲು ಜೋರಾಗಿ ಹೋಗ್ತದೆ. ಕೊನೇಲಿ ಸುಮ್ನೆ ಎಳ್ದವ್ನೆ." ಅಕ್ಷರಶಃ ನನ್ನ ಡೈರಿಯ ಸಾಲು. ಬೆರಗಿನಿಂದ ನಿಂತುಬಿಟ್ಟೆ.

ನನ್ನನ್ನು ನೋಡಿ ಆದರದಿಂದ ಕೇಳಿದರು: "ಬನ್ನಿ ಬನ್ನಿ. ಅದನ್ನ ನೀವೂ ಓದಿದೀರಾ?"

ಪದ್ಧತಿ

ಕಾಲು ನೆಟ್ಟಗಾಯಿತು. ಗುಂಪು ಹೊರಡುವ ದಿನವೂ ಗೊತ್ತಾಯಿತು. ಪುಸ್ತಕಗಳು ಇದ್ದಲ್ಲೇ ಇದ್ದವು. ಕೊನೆಗೆ ಸಾಕಾಗಿ ಎದುರುಮನೆಯಾಕೆಯ ಮುಂದೆ ಕೂತು ಹೇಳಿದೆ: "ನೋಡು ತಾಯಿ, ನನ್ನದೊಂದು ಪದ್ಧತಿ. ಓದಿ ಮುಗಿದ ಪುಸ್ತಕ ಮನೇಲಿ ಇಟ್ಕೋಬಾರದು, ವಾಪಸ್ಸೂ ತಗೋಬಾರದು. ಮುಂದಕ್ಕೆ ಕೊಡಬೇಕು."

"ಪದ್ಧತಿನಾ? ಮೊದ್ಲೇ ಹೇಳ್ಬಾರ್ದಾ ಅಕ್ಕ!"

ಆ ಒಂದು ಮಾತು ಸಾಕಾಯಿತು. ಪದ್ಧತಿ ಮುರಿಯುವ ಪಾಪ ಯಾರಿಗೂ ಬೇಡ. ಒಂದೇ ವಾರದಲ್ಲಿ ಬೀದಿಯ ಹೆಂಗಸರು ಬಂದು ಅರಿಶಿನ ಕುಂಕುಮ ತೆಗೆದುಕೊಂಡು, ಒಂದೊಂದು ಪುಸ್ತಕ ಕಣ್ಣಿಗೊತ್ತಿಕೊಂಡು ಹೋದರು. ಹೊರಡುವ ದಿನ ಬ್ಯಾಗಿನ ಜಿಪ್ಪು ಸರಾಗವಾಗಿ ಓಡಿತು. ಮಧ್ಯಾಹ್ನದ ಬೆಂಗಳೂರು ರೈಲು, ರಾತ್ರಿಯ ವಿಮಾನ. ಈ ರೈಲು ತಪ್ಪಿದರೆ ವಿಮಾನ ತಪ್ಪಿತು, ವಿಮಾನ ತಪ್ಪಿದರೆ ಗುಂಪು ಇನ್ನೊಬ್ಬರ ಪಾಲು. ನಾನು ಬೆಳಿಗ್ಗೆಯಿಂದಲೇ ಚಪ್ಪಲಿ ಮೆಟ್ಟಿಕೊಂಡು ಜಗುಲಿಯಲ್ಲಿ ಶತಪಥ ಹಾಕುತ್ತಿದ್ದೆ.

ಆಗ ಓನರಮ್ಮ ಬಂದರು. ಕೈಯಲ್ಲಿ ಹೋದ ವರ್ಷದ ಪಂಚಾಂಗ.

"ತಗೋ. ಮುಗೀತು. ಒಂದು ವರ್ಷ ದಿನಾ ಓದಿದ್ದೀನಿ."

"ಅಮ್ಮಾ, ಇದು..."

"ಪದ್ಧತಿ ಅಂದ್ಯಲ್ಲ! ನೀನು ಮುಗಿಸಿದ್ದು ನಾವು ತಗೊಂಡ್ವಿ, ನಾವು ಮುಗಿಸಿದ್ದು ನೀನು ತಗೋಬೇಡ್ವಾ?"

ಪಂಚಾಂಗವನ್ನು ಬ್ಯಾಗಿಗೆ ತುರುಕಿದೆ. ಅಷ್ಟರಲ್ಲಿ ಎದುರುಮನೆಯಾಕೆ, ಆಕೆಯ ಹಿಂದೆ ಆಕೆಯ ಗಂಡ. ಆತ ಎರಡು ತೋಳಿನಲ್ಲೂ ಕೂಸನ್ನು ಎತ್ತಿಕೊಂಡ ಹಾಗೆ ಏನನ್ನೋ ಹೊತ್ತು ತಂದಿದ್ದ. ಕೆಂಪು ರಟ್ಟು, ಚಿನ್ನದ ಬಣ್ಣದ ಅಂಚು. ಅವರ ಮದುವೆಯ ಆಲ್ಬಮ್ಮು.

"ಅಯ್ಯೋ, ಇದನ್ನ ಯಾರಾದರೂ ಕೊಡ್ತಾರೇನೇ?"

"ಎಷ್ಟು ಸಲ ನೋಡೋದಕ್ಕ? ಓದಿ ಮುಗಿದೈತೆ. ಮುಂದೇನಾಯ್ತು ಅನ್ನೋದೂ ಗೊತ್ತಾಗೈತೆ ಬುಡಿ. ಡೈರಿ ತೆಗೀರಿ, ನಾಕು ಸಾಲು ನಾನೇ ಹೇಳ್ತೀನಿ. ಶುರು ಚೆನ್ನಾಗೈತೆ. ಕೊನೆ ಪುಟಗಳಲ್ಲಿ ಬರೀ ಊಟದ ಪಂಕ್ತಿ. ಗಂಡಿನ ಪಾತ್ರ ಸುಮ್ನೆ ನಿಂತಿರ್ತದೆ, ಒಂದು ಮಾತೂ ಆಡಲ್ಲ."

ಗಂಡ ಮೆಲ್ಲಗೆ, "ಅದು ಹಂಗಲ್ಲ..." ಅಂದ.

"ನೋಡಿ, ಆಡಿದ್ರೆ ಹಿಂಗೆ. ನಾನು ಹೇಳ್ತಿರುವಾಗ್ಲೇ ಬಾಯಿ ಹಾಕ್ತಾರೆ."

ಹೇಗಾದರೂ ತಪ್ಪಿಸಿಕೊಳ್ಳಬೇಕೆಂದು ನಾನು ಜಾಣತನ ಮಾಡಿದೆ. "ನಾನು ಓದದೆ ಇರೋ ಪುಸ್ತಕದ ಬಗ್ಗೆ ಬರೆಯೋ ಹಾಗಿಲ್ಲ ಕಣೇ. ಅದೂ ಪದ್ಧತಿಯೇ. ಇಲ್ಲೇ ಇರಲಿ, ಇನ್ನೊಂದು ಸಲ ಬಂದಾಗ..."

"ಅಷ್ಟೇ ತಾನೆ? ಕೂತ್ಕೊಳ್ಳಿ, ಓದ್ಸೇ ಬುಡ್ತೀನಿ."

ಮದುವೆ ಆಲ್ಬಮ್ಮು ಬಿಚ್ಚಿದ ಮೇಲೆ ನಮ್ಮ ಕಡೆ ಯಾರೂ ಪುಟ ಹಾರಿಸುವ ಹಾಗಿಲ್ಲ. ಪಕ್ಕದ ಮನೆಯವರು ಬಂದರು, ಅವರ ಪಕ್ಕದವರು ಬಂದರು. ಒಂದೊಂದು ಮುಖಕ್ಕೂ ಬೆರಳಿಟ್ಟು, ಇವರು ಯಾರು, ಅರಳಗುಪ್ಪೆಯಲ್ಲಿ ಯಾರ ಮಗಳು, ಈಗ ಆ ಸೀರೆ ಯಾರ ಹತ್ತಿರ ಇದೆ, ಎಲ್ಲ ಇತ್ಯರ್ಥವಾಗಬೇಕು. ನಾನು ಗಡಿಯಾರ ನೋಡಿದೆ. ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದಿದ್ದ ಆಟೋದವನು ಹಾರ್ನ್ ಹೊಡೆದ. "ಬತ್ತಾರೆ ಇರಪ್ಪ, ಓದ್ತಾವ್ರೆ" ಅಂತ ಪಕ್ಕದ ಮನೆಯವರು ಗದರಿದರು. ಅವನೂ ಇಳಿದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಇವ್ರು ನಮ್ಮ ದೊಡ್ಡಪ್ಪ ಅಲ್ವಾ!" ಅಂದ. ಅಲ್ಲಿಂದ ದೊಡ್ಡಪ್ಪನ ಸಂಸಾರ ಶುರುವಾಯಿತು.

ಸ್ಟೇಷನ್ನಿನ ಕಡೆಯಿಂದ ಬೆಂಗಳೂರು ರೈಲು ಉದ್ದಕ್ಕೆ ಒಂದು ಸಲ ಕೂಗಿ ಹೊರಟುಹೋಯಿತು. ನಾವಿನ್ನೂ ಚಪ್ಪರದ ಪೂಜೆಯಲ್ಲಿದ್ದೆವು. ಧಾರೆಗೆ ಇನ್ನೂ ಬಹಳ ಪುಟವಿತ್ತು.